4ಕೆ ಗೇಮಿಂಗ್‌ಗೆ ರೈಜನ್ 7 5700ಎಕ್ಸ್3ಡಿ: ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ

4ಕೆ ಮಾನಿಟರ್‌ನಲ್ಲಿ ಆಡುವವರು ಪ್ರೊಸೆಸರ್ ಬದಲಾಯಿಸಿದರೆ ದುಡ್ಡು ದಂಡ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಎಎಂಡಿಯ ಹಳೆಯ ಪ್ರೊಸೆಸರ್ ರೈಜನ್ 5 3600 ತೆಗೆದು ಅದೇ ಕಂಪನಿಯ 5700ಎಕ್ಸ್3ಡಿ ಹಾಕಿ, ಕಾರವಾರದ ಮಳೆ, ಸೆಕೆ ಎರಡನ್ನೂ ನೋಡಿದ ಮೇಲೆ ಹೇಳುತ್ತೇನೆ: ಆ ಮಾತು ಅರ್ಧ ಮಾತ್ರ ನಿಜ. ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 4070 ಸೂಪರ್, ಮದರ್‌ಬೋರ್ಡ್ ಬಿ450, ರ‍್ಯಾಮ್ 32 ಜಿಬಿ ಡಿಡಿಆರ್4. ಇವು ಮೊದಲಿದ್ದವೇ.

ನಿಜವಾದ ಅರ್ಧ ಮೊದಲು. 4ಕೆಯ ಒಂದು ಫ್ರೇಮಿನಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್, ಅಂದರೆ 1080ಪಿಯ (ಫುಲ್ ಎಚ್‌ಡಿ) ನಾಲ್ಕು ಪಟ್ಟು. ಅಷ್ಟನ್ನೂ ಬಿಡಿಸಬೇಕಾದದ್ದು ಗ್ರಾಫಿಕ್ಸ್ ಕಾರ್ಡ್. ಪಾತ್ರಗಳ ನಡೆ, ಡಿಕ್ಕಿಯ ಲೆಕ್ಕ, ಯಾವುದನ್ನು ಬಿಡಿಸಬೇಕೆಂಬ ಆದೇಶ ಇವೆಲ್ಲ ಪ್ರೊಸೆಸರ್ ಪಾಲು. ರೆಸಲ್ಯೂಶನ್ ಏರಿದರೂ ಒಂದು ಫ್ರೇಮಿಗೆ ಈ ಕೆಲಸ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಭಾಗವತರು ಎಷ್ಟೇ ಚುರುಕಾಗಿ ಪದ ಎತ್ತಿದರೂ ವೇಷಧಾರಿ ದಣಿದಿದ್ದರೆ ಕುಣಿತ ಏರುವುದಿಲ್ಲವಲ್ಲ, ಹಾಗೆ. ಸೈಬರ್‌ಪಂಕ್ 2077 ಆಟ ನೇಟಿವ್ 4ಕೆಯಲ್ಲಿ, ಅಂದರೆ ಪೂರ್ತಿ 4ಕೆ ಚಿತ್ರವನ್ನೇ ಬಿಡಿಸುವಾಗ, ಮೊದಲು ಹೇಗೆ ಓಡುತ್ತಿತ್ತೋ ಈಗಲೂ ಹಾಗೇ ಓಡುತ್ತದೆ.

ಆದರೆ ಭಾರದ ಆಟಗಳನ್ನು ನೇಟಿವ್ 4ಕೆಯಲ್ಲಿ ನಾನು ಆಡುವುದು ಅಪರೂಪ. ಕಡಿಮೆ ರೆಸಲ್ಯೂಶನ್‌ನಲ್ಲಿ ಬಿಡಿಸಿದ ಚಿತ್ರವನ್ನು 4ಕೆಗೆ ಹಿಗ್ಗಿಸುವ ತಂತ್ರ ಡಿಎಲ್‌ಎಸ್‌ಎಸ್. ಅದನ್ನು ಕ್ವಾಲಿಟಿಗೆ ಹಾಕಿದರೆ ಕಾರ್ಡ್ ಒಳಗೆ ಬಿಡಿಸುವುದು 1440ಪಿ. ಪರ್ಫಾರ್ಮೆನ್ಸ್‌ಗೆ ಹಾಕಿದರೆ 1080ಪಿ. ಕಾರ್ಡ್ ಬೇಗ ಬೇಗ ಫ್ರೇಮ್ ಮುಗಿಸುವುದರಿಂದ, ಪರದೆ 4ಕೆ ಇದ್ದರೂ ಪ್ರೊಸೆಸರ್ ಮೇಲೆ ಬೀಳುವುದು 1080ಪಿ ಆಟದ ಒತ್ತಡ. ಬೆಳಕು, ಪ್ರತಿಬಿಂಬಗಳನ್ನು ನೈಜವಾಗಿ ಲೆಕ್ಕ ಹಾಕುವ ರೇ ಟ್ರೇಸಿಂಗ್ ಆನ್ ಮಾಡಿದರೆ ಅದಕ್ಕೂ ಪ್ರೊಸೆಸರ್ ದುಡಿಯಬೇಕು. 3600 ಸೋಲುತ್ತಿದ್ದದ್ದು ಇಲ್ಲೇ. ಬಾಲ್ಡರ್ಸ್ ಗೇಟ್ 3ರ ಕೊನೆಯ ಅಂಕದ ನಗರಕ್ಕೆ ಬಂದರೆ ಜನಜಂಗುಳಿಯ ನಡುವೆ ಆಟ ತಡೆತಡೆದು ಓಡುತ್ತಿತ್ತು, ಕಾರ್ಡ್ ಮಾತ್ರ ಅರ್ಧ ಖಾಲಿ ಕೂತಿರುತ್ತಿತ್ತು. ಈಗ ಅದೇ ಬೀದಿಯಲ್ಲಿ ಕ್ಯಾಮೆರಾ ತಿರುಗಿಸಿದರೆ ಜರ್ಕ್ ಇಲ್ಲ. ಸರಾಸರಿಗಿಂತ ಕನಿಷ್ಠ ಫ್ರೇಮ್ ದರ ಸುಧಾರಿಸಿದ್ದೇ ನನಗೆ ದೊಡ್ಡ ಲಾಭ. ಆಡುವಾಗ ಕಣ್ಣಿಗೆ ಚುಚ್ಚುವುದು ಅದೇ.

ಡಬ್ಬದ ಮೇಲಿನ ಗಿಗಾಹರ್ಟ್ಸ್ ನೋಡಿ ಅಳೆಯಬೇಡಿ. 3600ರ ಗರಿಷ್ಠ ವೇಗ 4.2, ಇದರದ್ದು 4.1. ವ್ಯತ್ಯಾಸ ಬರುವುದು ಹೊಸ ಪೀಳಿಗೆಯ ಕೋರ್‌ಗಳಿಂದ ಮತ್ತು ಚಿಪ್‌ನೊಳಗಿನ ಚುರುಕು ಸ್ಮೃತಿಯಾದ 96 ಎಂಬಿ ಎಲ್3 ಕ್ಯಾಶ್‌ನಿಂದ. ಆಟಕ್ಕೆ ಮತ್ತೆಮತ್ತೆ ಬೇಕಾಗುವ ಮಾಹಿತಿಯಲ್ಲಿ ಹೆಚ್ಚಿನದು ಚಿಪ್‌ನಲ್ಲೇ ಸಿಕ್ಕಿಬಿಡುತ್ತದೆ, ರ‍್ಯಾಮ್ ತನಕ ಹೋಗಿ ಕಾಯಬೇಕಿಲ್ಲ. 3600ರಲ್ಲಿ ಇದ್ದದ್ದು 32 ಎಂಬಿ, ಅದೂ 16ರ ಎರಡು ಹೋಳು.

ಕರಾವಳಿಯವರು ಗಮನಿಸಬೇಕಾದ ಮುಖ್ಯ ಮಾತು ಬಯೋಸ್ (ಬೋರ್ಡ್‌ನೊಳಗಿನ ಮೂಲ ಸಾಫ್ಟ್‌ವೇರ್) ಬಗ್ಗೆ. ಹಳೆಯ ಬೋರ್ಡ್‌ಗೆ ಈ ಚಿಪ್ ಗುರುತು ಸಿಗಬೇಕಾದರೆ ಹಳೆಯ ಪ್ರೊಸೆಸರ್ ತೆಗೆಯುವ ಮೊದಲೇ ಬಯೋಸ್ ಅಪ್‌ಡೇಟ್ ಆಗಬೇಕು. ಮಧ್ಯದಲ್ಲಿ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು. ಜೂನ್–ಜುಲೈಯಲ್ಲಿ ನಮ್ಮ ಕಡೆ ಗಾಳಿಮಳೆಗೆ ಮರ ಬೀಳದ ವಾರ ಯಾವುದಿದೆ? ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡಿ. ಡಬ್ಬದಲ್ಲಿ ಕೂಲರ್ ಬರುವುದಿಲ್ಲ, ಬೇರೆ ತರಬೇಕು. ಮೇ ತಿಂಗಳಲ್ಲಿ ಎಸಿ ಇಲ್ಲದ ಕೋಣೆಯಲ್ಲೂ ಸಾಧಾರಣ ಟವರ್ ಕೂಲರ್ ಸಾಕಾಗಿದೆ, ತಾಪ 90 ಡಿಗ್ರಿಯ ಮಿತಿ ಮುಟ್ಟಿಲ್ಲ. ಕಡಲಗಾಳಿಯ ಅಂಟು ಧೂಳು ಫ್ಯಾನಿಗೆ ಹಿಡಿಯುತ್ತದೆ, ಆಗಾಗ ಒರೆಸಲೇಬೇಕು.

ನಿಮಗೆ ಬೇಕೋ ಬೇಡವೋ ತಿಳಿಯಲು, ನೀವು ನಿಜವಾಗಿ ಆಡುವ ಸೆಟ್ಟಿಂಗ್‌ನಲ್ಲೇ ಫ್ರೇಮ್ ಮಿತಿ ಮತ್ತು ವಿ-ಸಿಂಕ್ (ಫ್ರೇಮ್ ದರವನ್ನು ಪರದೆಯ ವೇಗಕ್ಕೆ ಕಟ್ಟುವ ಸೆಟ್ಟಿಂಗ್) ತೆಗೆದು ಕಾರ್ಡ್‌ನ ಬಳಕೆ ನೋಡಿ. ಶೇ. 97–99ರಲ್ಲೇ ನಿಂತಿದ್ದರೆ ಪ್ರೊಸೆಸರ್ ಮುಟ್ಟಬೇಡಿ. ಗದ್ದಲದ ಜಾಗಗಳಲ್ಲಿ ಶೇ. 60–70ಕ್ಕೆ ಇಳಿಯುತ್ತಿದ್ದರೆ, ರೆಸಲ್ಯೂಶನ್ ತಗ್ಗಿಸಿದರೂ ಫ್ರೇಮ್ ಏರದಿದ್ದರೆ, ತಡೆ ಇರುವುದು ಪ್ರೊಸೆಸರ್‌ನಲ್ಲಿ. 3600 ಅಥವಾ ಅದಕ್ಕಿಂತ ಹಳೆಯದಿರುವ ಎಎಂ4 (ಈ ಚಿಪ್‌ಗಳು ಕೂರುವ ಸಾಕೆಟ್) ಬಳಕೆದಾರರಿಗೆ ಬೋರ್ಡ್, ರ‍್ಯಾಮ್ ಉಳಿಸಿಕೊಂಡೇ ಆಗುವ ಅಪ್‌ಗ್ರೇಡ್ ಇದು, ಧೈರ್ಯವಾಗಿ ಹೇಳುತ್ತೇನೆ. ರೈಜನ್ 5 5600 ಇದ್ದವರಿಗೆ ಹೇಳುವುದಿಲ್ಲ.

ಶಿರಸಿಯಲ್ಲಿರುವ ಚಿಕ್ಕಮ್ಮನ ಮಗ ಆರ್‌ಎಕ್ಸ್ 6600 ಕಾರ್ಡನ್ನು 4ಕೆ ಟಿವಿಗೆ ಜೋಡಿಸಿ ಆಡುತ್ತಾನೆ. "ಅಣ್ಣಾ, ನಾನೂ ಇದನ್ನೇ ಹಾಕಿಸ್ಲಾ?" ಎಂದು ಕೇಳಿದ. ಅವನ ಕಾರ್ಡ್ ಯಾವಾಗ ನೋಡಿದರೂ 99ರಲ್ಲಿ. "ಬೇಡ ಮಾರಾಯ, ಆ ದುಡ್ಡನ್ನ ಕಾರ್ಡಿಗೆ ಕೂಡಿಡು" ಎಂದೆ.