ಆಳ ಕಡಲಿನ ಏಡಿಯ ಜಾತಕ ಓದಲು ಪ್ಲಾಸ್ ಒನ್ ಮತ್ತು ವರ್ಮ್ಸ್: ಬಳಸಿ ನೋಡಿದ ಮೇಲೆ

ಪ್ಲಾಸ್ ಒನ್ ಎಂಬ ಆನ್‌ಲೈನ್ ವಿಜ್ಞಾನ ಪತ್ರಿಕೆ, ವರ್ಮ್ಸ್ ಎಂಬ ಸಮುದ್ರಜೀವಿಗಳ ಹೆಸರಿನ ಪಟ್ಟಿ, ಎರಡಕ್ಕೂ ಸೇರಿಸಿ ಐದಕ್ಕೆ ನಾಲ್ಕೂವರೆ ನಕ್ಷತ್ರ. ಆ ಅರ್ಧ ಎಲ್ಲಿ ಹೋಯಿತು ಅಂತ ಆಮೇಲೆ ಹೇಳುತ್ತೇನೆ.

ಆಳ ಸಮುದ್ರದಲ್ಲಿ ಹೊಸ ಏಡಿ ಸಿಕ್ಕಿತು ಅಂತ ಆಗಾಗ ಸುದ್ದಿ ಬರುತ್ತದೆ ಅಲ್ವಾ. ಒಂದು ಫೋಟೊ, ನಾಲ್ಕು ಸಾಲು, ವಿಜ್ಞಾನಿಗಳಿಗೆ ಅಚ್ಚರಿ ಅನ್ನುವ ತಲೆಬರಹ, ಅಷ್ಟೇ. ಕೈ ತುಂಬ ಕೂದಲು ಬೆಳೆಸಿಕೊಂಡ ಬಿಳಿ ಯೇತಿ ಏಡಿಯನ್ನು ನಾನೂ ಮೊದಲು ನೋಡಿದ್ದು ಹಾಗೇ. ಅಷ್ಟೊಂದು ಕೂದಲು ಯಾಕೆ, ಆ ಕತ್ತಲಲ್ಲಿ ಅದು ತಿನ್ನುವುದು ಏನನ್ನು, ಇದು ಹೊಸದೇ ಅಂತ ಯಾರು ಹೇಗೆ ತೀರ್ಮಾನ ಮಾಡಿದರು, ಒಂದಕ್ಕೂ ಉತ್ತರ ಇಲ್ಲ. ಸರಿ, ಹೆಸರಿಟ್ಟವರೇ ಬರೆದದ್ದನ್ನು ಓದೋಣ ಅಂತ ಕೂತೆ. ಮೊದಲು ಹೋದ ಕಡೆ ಒಂದು ಪ್ಯಾರಾ ತೋರಿಸಿ, ಮುಂದಕ್ಕೆ ದುಡ್ಡು ಕಟ್ಟಿ ಅಂದರು. ಅಲ್ಲಿಂದ ಹಾಗೇ ವಾಪಸ್. ಆಮೇಲೆ ಸಿಕ್ಕಿದ್ದು ಪ್ಲಾಸ್ ಒನ್.

ಇದು 2006ರಲ್ಲಿ ಶುರುವಾದ ಆನ್‌ಲೈನ್ ವಿಜ್ಞಾನ ಪತ್ರಿಕೆ. ಓದುವವರಿಗೆ ಪೂರ್ತಿ ಉಚಿತ. ಖಾತೆ ಬೇಡ, ಪಾಸ್‌ವರ್ಡ್ ಬೇಡ. ಖರ್ಚು ಬರೆಯುವವರ ಕಡೆಯಿಂದ ಹೋಗುತ್ತದೆ. ಮೂಲ ಯಾರದ್ದು ಅಂತ ಹೇಳಿದರೆ ಸಾಕು, ಅಲ್ಲಿನ ಚಿತ್ರಗಳನ್ನು ಯಾರು ಬೇಕಾದರೂ ಪಾಠಕ್ಕೋ ಲೇಖನಕ್ಕೋ ಬಳಸಿಕೊಳ್ಳಬಹುದು. ಮೇಷ್ಟ್ರುಗಳಿಗೆ ಇದೊಂದೇ ಸಾಕು.

ನಾನು ಕೂತು ಓದಿದ್ದು ಕೀವಾ ಪುರಾವಿಡಾ ಎಂಬ ಯೇತಿ ಏಡಿಯ ವರ್ಣನೆ. 2011ರದ್ದು. ಆಂಡ್ರ್ಯೂ ಥರ್ಬರ್, ವಿಲಿಯಂ ಜೋನ್ಸ್, ಕರೀನ್ ಶ್ನಾಬೆಲ್ ಎಂಬ ಮೂವರು ಬರೆದದ್ದು. ಏಡಿ ಸಿಕ್ಕಿದ್ದು ಕೋಸ್ಟಾ ರಿಕಾದ ಕರಾವಳಿಯಾಚೆ, ಸುಮಾರು 1000 ಮೀಟರ್ ಆಳದಲ್ಲಿ, ಸಮುದ್ರದ ತಳದಿಂದ ಮೀಥೇನ್ ಸೋರುವ ಒಂದು ಜಾಗದಲ್ಲಿ. ಪುರಾ ವಿಡಾ ಅನ್ನುವುದು ಆ ದೇಶದವರು ನಮಸ್ಕಾರಕ್ಕೂ, ಚೆನ್ನಾಗಿದ್ದೇನೆ ಅನ್ನುವುದಕ್ಕೂ, ಎಲ್ಲದಕ್ಕೂ ಬಳಸುವ ಮಾತು. ಅದನ್ನೇ ಏಡಿಗೆ ಇಟ್ಟಿದ್ದಾರೆ.

ಇನ್ನು ಆ ಕೂದಲಿನ ವಿಷಯ. ಅದು ಚಳಿಗೆ ಹೊದ್ದುಕೊಂಡದ್ದಲ್ಲ, ಹೊಲ! ರೋಮಗಳ ಮೇಲೆ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ತಳದಿಂದ ಬರುವ ಸಲ್ಫೈಡ್, ಮೀಥೇನ್‌ನಂಥ ರಾಸಾಯನಿಕಗಳೇ ಅವುಗಳ ಬಂಡವಾಳ, ಬಿಸಿಲಿನ ಹಂಗು ಇಲ್ಲ. ಏಡಿಯ ಬಾಯಿಯ ಹತ್ತಿರ ಒಂದು ಜೋಡಿ ಅಂಗ ಇದೆ, ಅದರ ತುದಿಯಲ್ಲಿ ಬಾಚಣಿಗೆಯ ಹಲ್ಲಿನಂಥ ರೋಮಗಳು. ಅದರಿಂದ ತನ್ನ ಕೈಯನ್ನೇ ಬಾಚಿ ಬಾಚಿ, ಬಂದ ಬೆಳೆಯನ್ನು ತಿನ್ನುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುವ ಗಾದೆಯನ್ನು ಇಷ್ಟು ಅಕ್ಷರಶಃ ಪಾಲಿಸುವ ಪ್ರಾಣಿ ಇನ್ನೊಂದು ಇದ್ದರೆ ಹೇಳಿ.

ಲೇಖನದ ಜೊತೆ ವಿಡಿಯೊ ಕೂಡ ಇದೆ. ದಯವಿಟ್ಟು ಅದನ್ನು ಬಿಡಬೇಡಿ. ಏಡಿಗಳು ಎರಡೂ ಇಕ್ಕಳಗಳನ್ನು ಎತ್ತಿ ಒಂದೇ ಲಯದಲ್ಲಿ ಆ ಕಡೆ ಈ ಕಡೆ ಆಡಿಸುತ್ತಾ ನಿಂತಿರುತ್ತವೆ, ಯಾರೋ ತಾಳ ಹಾಕುತ್ತಿದ್ದಾರೆ ಅನ್ನಬೇಕು ಹಾಗೆ. ಲೇಖಕರು ಕೊಡುವ ಕಾರಣ ಇದು: ಕೈ ಆಡಿಸಿದಾಗ ನೀರು ಕದಡುತ್ತದೆ, ಬ್ಯಾಕ್ಟೀರಿಯಾಗೆ ಹೊಸ ಆಮ್ಲಜನಕ, ಹೊಸ ಸಲ್ಫೈಡ್ ಸಿಗುತ್ತದೆ, ಅಂದರೆ ಕುಣಿತವೇ ಹೊಲಕ್ಕೆ ನೀರು ಗೊಬ್ಬರ. ಮತ್ತೆ ಇದು ಸುಮ್ನೆ ನೋಡಿ ಹೇಳಿದ ಮಾತೂ ಅಲ್ಲ. ಏಡಿಯ ಮೈಯಲ್ಲಿರುವ ಕೊಬ್ಬಿನಾಮ್ಲಗಳನ್ನೂ ಇಂಗಾಲದ ಐಸೊಟೋಪುಗಳನ್ನೂ ಅಳೆದು, ಇದರ ಊಟ ಮೇಲಿನ ನೀರಿನಿಂದ ಉದುರಿದ್ದಲ್ಲ, ಈ ಬ್ಯಾಕ್ಟೀರಿಯಾದ್ದೇ ಅಂತ ತೋರಿಸಿದ್ದಾರೆ. ಸುದ್ದಿಯ ನಾಲ್ಕು ಸಾಲಿನಲ್ಲಿ ಇದು ಎಲ್ಲಿತ್ತು?

ಆಮೇಲೆ ಕಾಲುಗಳನ್ನು ಎಣಿಸಿದೆ. ಸಾಮಾನ್ಯವಾಗಿ ಏಡಿಗೆ ಇಕ್ಕಳ ಬಿಟ್ಟು ನಾಲ್ಕು ಜೋಡಿ ನಡೆಯುವ ಕಾಲು ಕಾಣಬೇಕು. ಇದಕ್ಕೆ ಮೂರೇ! ಕೊನೆಯ ಜೋಡಿ ಸಣ್ಣದಾಗಿ ಮೈ ಕೆಳಗೆ ಮಡಚಿಕೊಂಡಿದೆ. ಇಲ್ಲಿ ವರ್ಮ್ಸ್ ಕೈ ಹಿಡಿಯಿತು. ವರ್ಮ್ಸ್ ಅಂದರೆ ಲೋಕದ ಸಮುದ್ರಜೀವಿಗಳ ಹೆಸರಿನ ಪಟ್ಟಿ, ಬೆಲ್ಜಿಯಂನ ಓಸ್ಟೆಂಡ್‌ನಲ್ಲಿರುವ ಸಾಗರ ಸಂಸ್ಥೆಯೊಂದು ನೋಡಿಕೊಳ್ಳುತ್ತದೆ, ಆಯಾ ಗುಂಪಿನ ತಜ್ಞರೇ ತಿದ್ದುತ್ತಾರೆ, ಇದೂ ಉಚಿತ. ಕೀವಾ ಅಂತ ಹುಡುಕಿದರೆ ಮೇಲಿನಿಂದ ಕೆಳಗಿನವರೆಗೆ ವಂಶ ಬಿಚ್ಚಿಕೊಳ್ಳುತ್ತದೆ: ಹತ್ತು ಕಾಲಿನ ದಶಪಾದಿಗಳಲ್ಲಿ ಅನೊಮ್ಯೂರಾ ಎಂಬ ಗುಂಪು, ಅದರಲ್ಲಿ ಕೀವಾಯಿಡೇ ಎಂಬ ಕುಟುಂಬ. ನಿಜವಾದ ಏಡಿಗಳ ಗುಂಪೇ ಬೇರೆ. ಅಂದರೆ ಯೇತಿ ಏಡಿ ನಿಜವಾದ ಏಡಿಯೇ ಅಲ್ಲ. ಶಂಖದೊಳಗೆ ಹೊಕ್ಕಿ ಬದುಕುವ ಸನ್ಯಾಸಿ ಏಡಿ, ಸ್ಕ್ವಾಟ್ ಲಾಬ್‌ಸ್ಟರ್ ಇವೆಲ್ಲ ಅದರ ದಾಯಾದಿಗಳು. ಎಷ್ಟು ದಿನದಿಂದ ಎಲ್ಲರಿಗೂ ಹೊಸ ಏಡಿ, ಹೊಸ ಏಡಿ ಅಂತ ತೋರಿಸಿಕೊಂಡು ಓಡಾಡಿದ್ದೆ ನಾನು.

ವರ್ಮ್ಸ್‌ನ ಇನ್ನೊಂದು ಉಪಕಾರ ಅಂದರೆ ಹೆಸರಿನ ಪಕ್ಕದಲ್ಲೇ ಇಟ್ಟವರು ಯಾರು, ಯಾವ ವರ್ಷ ಅಂತ ಇರುತ್ತದೆ. ಹಾಗೆ ಹಿಂದಕ್ಕೆ ಹೋದರೆ ಈ ಮನೆತನದ ಮೊದಲನೆಯದು ಸಿಗುತ್ತದೆ, ಕೀವಾ ಹಿರ್ಸುಟಾ, 2005. ಈಸ್ಟರ್ ದ್ವೀಪದ ದಕ್ಷಿಣಕ್ಕೆ, ಪೆಸಿಫಿಕ್‌ನಲ್ಲಿ, 2200 ಮೀಟರಿಗೂ ಜಾಸ್ತಿ ಆಳದಲ್ಲಿ, ಆಲ್ವಿನ್ ಎಂಬ ಮುಳುಗುನೌಕೆಯಲ್ಲಿ ಹೋದವರು ತಂದದ್ದು. ಸುಮಾರು 15 ಸೆಂಟಿಮೀಟರ್ ಉದ್ದ. ಒಂದೇ ಒಂದು ಗಂಡು. ಆ ಒಂದನ್ನು ಇಟ್ಟುಕೊಂಡು ಹೊಸ ಪ್ರಭೇದ, ಹೊಸ ಕುಲ, ಹೊಸ ಕುಟುಂಬ ಎಲ್ಲ ಕಟ್ಟಬೇಕಾಯಿತು. ಹೆಸರಿಗೆ ಆಧಾರವಾಗಿ ಸಂಗ್ರಹಾಲಯದಲ್ಲಿ ಇಡುವ ಇಂಥ ಮಾದರಿಗೆ ಹೋಲೋಟೈಪ್ ಅನ್ನುತ್ತಾರೆ. ನಾಳೆ ಯಾರಿಗಾದರೂ ಅನುಮಾನ ಬಂದರೆ ಫೋಟೊ ಅಲ್ಲ, ಆ ಮೈಯನ್ನೇ ತೆಗೆದು ನೋಡಬೇಕು.

ಈಗ ಕಳೆದ ಅರ್ಧ ನಕ್ಷತ್ರ. ಇದು ಪ್ಲಾಸ್ ಒನ್‌ನ ತಪ್ಪಲ್ಲ, ವರ್ಮ್ಸ್‌ನದ್ದೂ ಅಲ್ಲ. ಪ್ರಭೇದ ವರ್ಣನೆ ಅನ್ನುವ ಬರವಣಿಗೆಯೇ ಕಬ್ಬಿಣದ ಕಡಲೆ. ಎರಡನೇ ಕಾಲಿನ ಮೂರನೇ ಗೆಣ್ಣು ಅಗಲಕ್ಕಿಂತ ಎಷ್ಟು ಪಟ್ಟು ಉದ್ದ, ಅದರ ಅಂಚಿನಲ್ಲಿ ಮುಳ್ಳು ಎಷ್ಟು, ಮುಳ್ಳಿನ ಬುಡದಲ್ಲಿ ರೋಮ ಇದೆಯೋ ಇಲ್ಲವೋ, ಹೀಗೆ ಕ್ರಿಯಾಪದವೇ ಇಲ್ಲದ ವಾಕ್ಯಗಳು ಸಾಲುಗಟ್ಟಿ ಬರುತ್ತವೆ. ಅಂಗಗಳ ಹೆಸರೆಲ್ಲ ಲ್ಯಾಟಿನ್, ಗ್ರೀಕ್. ಮೊದಲ ಸಲ ಎರಡು ಪ್ಯಾರಾ ಓದುವಷ್ಟರಲ್ಲಿ ತೂಕಡಿಕೆ ಬಂತು. ನನಗೆ ಕೊನೆಗೆ ಒಗ್ಗಿದ ದಾರಿ ಅಂದರೆ ಮೊದಲು ಚಿತ್ರಗಳು, ಆಮೇಲೆ ಡಯಾಗ್ನೋಸಿಸ್ ಎಂಬ ಚಿಕ್ಕ ಭಾಗ (ಹತ್ತಿರದ ನೆಂಟರಿಗಿಂತ ಇದು ಎಲ್ಲಿ ಬೇರೆ ಅನ್ನುವುದು ಅಲ್ಲೇ ಇರುತ್ತದೆ), ಆಮೇಲೆ ಕೊನೆಯ ಚರ್ಚೆ. ಗೆಣ್ಣು ಮುಳ್ಳುಗಳ ಲೆಕ್ಕ ತೀರಾ ಬೇಕಾದಾಗ ಮಾತ್ರ. ಆದರೆ ಆ ಲೆಕ್ಕವನ್ನು ತೆಗೆದುಹಾಕಿ ಅಂತ ಮಾತ್ರ ನಾನು ಹೇಳುವುದಿಲ್ಲ, ಯಾಕೆಂದರೆ ಮುಂದಿನ ಯೇತಿ ಸಿಕ್ಕಾಗ ಇದು ಬೇರೆಯೋ ಅದೇ ಪ್ರಭೇದವೋ ಅಂತ ಹೇಳುವುದಕ್ಕೆ ಆ ಪಟ್ಟಿ ಬೇಕೇ ಬೇಕು.

ಹಾಗೆ ಸಿಕ್ಕಿತು ಕೂಡ. ಅಂಟಾರ್ಕ್ಟಿಕಾದ ಕಡೆ, ಈಸ್ಟ್ ಸ್ಕೋಶಿಯಾ ರಿಡ್ಜ್ ಎಂಬ ಸಮುದ್ರದಡಿಯ ಬೆಟ್ಟಸಾಲಿನ ಬಿಸಿನೀರಿನ ಬುಗ್ಗೆಗಳಲ್ಲಿ 2010ರಲ್ಲಿ ಕಂಡ ಏಡಿಗೆ ಕೀವಾ ಟೈಲೆರಿ ಅಂತ ಹೆಸರು ಬಂದದ್ದು 2015ರಲ್ಲಿ, ಅದೂ ಪ್ಲಾಸ್ ಒನ್‌ನಲ್ಲೇ. ಒಂದು ಚದರ ಮೀಟರಿನಲ್ಲಿ 700ಕ್ಕೂ ಜಾಸ್ತಿ ಏಡಿಗಳು ಒಂದರ ಮೇಲೊಂದು ಬಿದ್ದಿರುವ ಫೋಟೊ ಇದೆ, ಸಂತೆಯಲ್ಲೂ ಇಷ್ಟು ನೂಕುನುಗ್ಗಲು ಇರುವುದಿಲ್ಲ. ಬುಗ್ಗೆಯ ಬಾಯಿಯಲ್ಲಿ ನೀರು 350 ಡಿಗ್ರಿ ದಾಟುತ್ತದೆ, ಸುತ್ತ ಹೆಪ್ಪುಗಟ್ಟುವಷ್ಟು ತಣ್ಣಗೆ, ನಡುವೆ ಬದುಕಬಹುದಾದ ಕಿರಿದಾದ ಪಟ್ಟಿಯಲ್ಲಿ ಇವು. ಇದರ ರೋಮ ಎದೆಯ ಕಡೆ ಜಾಸ್ತಿ. ಹೆಸರು ಬರುವ ಮೊದಲು ಹಡಗಿನವರು ಎದೆಗೂದಲಿಗೆ ಹೆಸರಾದ ನಟ ಡೇವಿಡ್ ಹ್ಯಾಸಲ್‌ಹಾಫ್ ನೆನಪಿಗೆ ಹಾಫ್ ಏಡಿ ಅಂತ ಕರೆಯುತ್ತಿದ್ದರಂತೆ.

ಒಂದು ಚಿಕ್ಕ ತಮಾಷೆ ಹೇಳದಿದ್ದರೆ ಸಮಾಧಾನ ಆಗುವುದಿಲ್ಲ. 2011ರಲ್ಲಿ ಪ್ರಾಣಿಗಳ ಹೆಸರಿನ ನಿಯಮದ ಪ್ರಕಾರ ಆನ್‌ಲೈನಿನಲ್ಲಷ್ಟೇ ಬಂದ ಹೆಸರು ಸಲ್ಲುತ್ತಿರಲಿಲ್ಲ. ಹಾಗಾಗಿ ಇಂಥ ಆನ್‌ಲೈನ್ ಪತ್ರಿಕೆ ಕೂಡ ಕಾಗದದಲ್ಲಿ ಪ್ರತಿ ಮಾಡಿಸಿ ಗ್ರಂಥಾಲಯಗಳಿಗೆ ತಲುಪಿಸಬೇಕಿತ್ತು. 2012ರಲ್ಲಿ ನಿಯಮ ಬದಲಾಯಿತು, ಈಗ ಪ್ರಾಣಿಗಳ ಹೆಸರಿನ ಅಧಿಕೃತ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಾಯಿಸಿದರೆ ಆನ್‌ಲೈನೇ ಸಾಕು.

ಮಕ್ಕಳ ಜೊತೆ ಕೂತು ನೋಡುವವರು ಪುರಾವಿಡಾದ ಕುಣಿತದ ವಿಡಿಯೊದಿಂದ ಶುರು ಮಾಡಿ. ಕಾಲು ಎಣಿಸುವ ಕೆಲಸ ಅವರಿಗೇ ಬಿಡಿ.