ಕೋಪಕ್ಕೆ ನೆರವು: ಒಬ್ಬರೇ ಹೋಗುವ ಥೆರಪಿಯೋ, ಗುಂಪಿನ ತರಬೇತಿಯೋ?

ಕೋಪದ ಹಿಂದೆ ಹಳೆಯ ಆಘಾತ, ಖಿನ್ನತೆ ಅಥವಾ ಕುಡಿತ ಇದ್ದರೆ ಒಬ್ಬರೇ ಹೋಗುವ ಥೆರಪಿಯೇ ಸರಿ. ಗುಂಪಿನಲ್ಲಿ ಅದನ್ನೆಲ್ಲ ಬಿಚ್ಚಿಡಲು ಸಮಯವೂ ಸಿಗದು, ಮನಸ್ಸೂ ಬಾರದು. ಒಬ್ಬರೇ ಹೋಗುವ ಥೆರಪಿ ಸಾಮಾನ್ಯವಾಗಿ ವಾರಕ್ಕೊಮ್ಮೆ 45–50 ನಿಮಿಷ. ಗುಂಪಿನ ತರಬೇತಿ ಹೆಚ್ಚಾಗಿ 8–12 ವಾರದ್ದು. ಖರ್ಚು ಕಡಿಮೆ, ಜೊತೆಗೆ ಜಗಳದ ಸನ್ನಿವೇಶವನ್ನು ಬೇರೆಯವರೊಂದಿಗೆ ಅಭಿನಯಿಸಿ ಕಲಿಯಬಹುದು.

ಯಾವುದೇ ಆಗಲಿ, ನಡೆಸುವವರಿಗೆ ಸಿಬಿಟಿಯಲ್ಲಿ (ಯೋಚನೆ, ನಡವಳಿಕೆಯ ರೀತಿಯನ್ನು ಬದಲಿಸಲು ಕಲಿಸುವ ಥೆರಪಿ) ತರಬೇತಿ ಆಗಿದೆಯೇ ಎಂದು ಮೊದಲೇ ಕೇಳಿ. ಸಿಟ್ಟು ಬಂದ ಹೊತ್ತು, ಕಾರಣ, ಆಗ ಮೈಯಲ್ಲಾದ ಬದಲಾವಣೆಗಳನ್ನು ಬರೆದಿಡಲು ಹೇಳುವವರಾದರೆ ಒಳ್ಳೆಯದು. ದಿಂಬು ಗುದ್ದಿ ಸಿಟ್ಟು ತೀರಿಸಿಕೊಳ್ಳಿ ಎನ್ನುವವರು ಬೇಡವೇ ಬೇಡ. ಅದರಿಂದ ಸಿಟ್ಟು ಇಳಿಯುವುದಿಲ್ಲ, ಏರುವುದೇ ಹೆಚ್ಚು. ಸಂಗಾತಿಯ ಮೇಲೆ ಕೈ ಮಾಡುವ ಮಟ್ಟಕ್ಕೆ ಹೋಗಿದ್ದರೆ ದಂಪತಿ ಥೆರಪಿಯಿಂದ ಶುರು ಮಾಡಬೇಡಿ: ಅಲ್ಲಿ ಆಡಿದ ಮಾತಿಗೆ ಮನೆಯಲ್ಲಿ ಏಟು ಬೀಳಬಹುದು.