ಗ್ರಂಥಾಲಯ ಸಾಫ್ಟ್‌ವೇರಿಗೆ ಹಣ ಕೊಡುವ ಮುನ್ನ ‘ಕೊಡಗು’ ಎಂದು ಹುಡುಕಿ ನೋಡಿ

ದಕ್ಷಿಣ ಕೊಡಗಿನ ಒಂದು ಗ್ರಂಥಾಲಯಕ್ಕೆ ಬಂದ ಗತಿ ಇನ್ನೊಂದಕ್ಕೆ ಬರದಿರಲಿ ಎಂದು ಈ ಬರಹ. ಊರಿನ ಹೆಸರು, ಮಾರಿದವರ ಹೆಸರು ಬೇಡ. ಪುಸ್ತಕಗಳ ಪಟ್ಟಿಯೆಲ್ಲ ಕಂಪ್ಯೂಟರಿಗೆ ಏರಿತ್ತು, ಬಾರ್‌ಕೋಡ್ ಅಂಟಿಸಿಯಾಗಿತ್ತು, ಬಿಲ್ಲೂ ಪಾವತಿಯಾಗಿತ್ತು. ಓದುಗರು ‘ಕೊಡಗು’ ಎಂದು ಹುಡುಕಿದರೆ ಸಿಕ್ಕಿದ್ದು ಸೊನ್ನೆ. ಆ ಗ್ರಂಥಾಲಯದ ಕಪಾಟಿನಲ್ಲಿ ಕೊಡಗಿನ ಇತಿಹಾಸದ್ದೇ ಸಾಲುಸಾಲು ಪುಸ್ತಕಗಳಿವೆ.

ಹಳೆಯ ಪಟ್ಟಿ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ‘ನುಡಿ’ಯ ಆಸ್ಕಿ ಫಾಂಟಿನಲ್ಲಿ ಟೈಪಾಗಿತ್ತು. ಅಂಥ ಕಡತದಲ್ಲಿ ಕನ್ನಡ ಅಕ್ಷರವೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಮೇಲೆ ಕನ್ನಡದ ಆಕಾರ ಕೂರಿಸಿರುತ್ತಾರೆ. ಮಾರಿದವರು ಪರದೆಗೂ ಅದೇ ಫಾಂಟ್ ಹಾಕಿಕೊಟ್ಟಿದ್ದರಿಂದ ನೋಡಲು ಎಲ್ಲ ಸರಿಯಾಗಿತ್ತು. ಓದುಗರು ಯೂನಿಕೋಡ್‌ನಲ್ಲಿ, ಅಂದರೆ ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತವಿರುವ ಪದ್ಧತಿಯಲ್ಲಿ, ಟೈಪ್ ಮಾಡಿದ್ದು ಮಾತ್ರ ಯಾವುದಕ್ಕೂ ತಾಳೆಯಾಗಲಿಲ್ಲ.

ಇದನ್ನು ಸರಿಪಡಿಸುವಾಗ ಇಡೀ ಎಕ್ಸೆಲ್ ಹಾಳೆಯನ್ನು ಒಟ್ಟಿಗೇ ಆಸ್ಕಿಯನ್ನು ಯೂನಿಕೋಡ್ ಮಾಡುವ ಪರಿವರ್ತಕಕ್ಕೆ ಸುರಿಯಬೇಡಿ. ಇಂಗ್ಲಿಷ್ ಶೀರ್ಷಿಕೆಗಳೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಮೊದಲು ಭಾಷೆಗೊಂದು ಕಾಲಂ ಸೇರಿಸಿ, ಕನ್ನಡದ ಸಾಲುಗಳನ್ನು ಬೇರ್ಪಡಿಸಿ, ಅವುಗಳಲ್ಲೂ ಶೀರ್ಷಿಕೆ, ಲೇಖಕ, ಪ್ರಕಾಶಕರ ಕಾಲಂಗಳನ್ನಷ್ಟೇ ಪರಿವರ್ತಿಸಿ. ಅಷ್ಟಾದರೂ ಒಂದು ತೊಡಕು ಉಳಿಯಬಹುದು. ‘ಕೊ’ ಅಕ್ಷರದ ಒ-ಕಾರ ಒಂದೇ ಸಂಕೇತವಾಗಿರಬಹುದು, ಎ-ಕಾರ ಮತ್ತು ಊ-ಕಾರದ ಎರಡು ಸಂಕೇತಗಳಾಗಿಯೂ ಕೂತಿರಬಹುದು. ಕಣ್ಣಿಗೆ ವ್ಯತ್ಯಾಸ ಕಾಣದು, ಯಂತ್ರಕ್ಕೆ ಎರಡೂ ಬೇರೆ. ಎಲ್ಲವನ್ನೂ ಇಂಥದ್ದನ್ನು ಒಂದೇ ಸಂಕೇತವಾಗಿ ಬರೆಯುವ ಎನ್‌ಎಫ್‌ಸಿ ಎಂಬ ಯೂನಿಕೋಡ್ ರೂಪಕ್ಕೆ ತಂದುಬಿಡಿ. ಕೋಹಾ ಎಂಬ ಗ್ರಂಥಾಲಯ ಸಾಫ್ಟ್‌ವೇರಿನಲ್ಲಿ ಹುಡುಕಾಟಕ್ಕೆ ಝೀಬ್ರಾ ಬಳಸುವವರು ಯೂನಿಕೋಡ್ ಅರಿಯುವ ಐಸಿಯು ಇಂಡೆಕ್ಸಿಂಗ್ ಆರಿಸಿ, ಪೂರ್ತಿ ರೀಇಂಡೆಕ್ಸ್ ಮಾಡಬೇಕು, ಅಂದರೆ ಹುಡುಕಾಟದ ಸೂಚಿಯನ್ನು ಹೊಸದಾಗಿ ಕಟ್ಟಬೇಕು.

ಎಕ್ಸೆಲ್ ಇನ್ನೂ ಎರಡು ಕಡೆ ಕೈಕೊಡುತ್ತದೆ. 00457 ಎಂಬ ಆಕ್ಸೆಷನ್ ನಂಬರ್ (ಒಂದೊಂದು ಪ್ರತಿಗೂ ಗ್ರಂಥಾಲಯ ಕೊಡುವ ಕ್ರಮಸಂಖ್ಯೆ) 457 ಆಗುತ್ತದೆ. ಪುಸ್ತಕದ ಮೇಲೆ ಅಚ್ಚಾಗುವ 13 ಅಂಕಿಯ ಐಎಸ್‌ಬಿಎನ್ ಸಂಖ್ಯೆ ‘9.78ಇ+12’ ಎಂದು ಕುಗ್ಗುತ್ತದೆ, ಹಾಗೆಯೇ ಸಿಎಸ್‌ವಿ (ಬರಿಯ ಪಠ್ಯದ) ಕಡತಕ್ಕೆ ಉಳಿಸಿದರೆ ಉಳಿದ ಅಂಕಿಗಳು ಹೋದಂತೆಯೇ. ಟೈಪಿಸುವ ಮೊದಲೇ ಆ ಕಾಲಂಗಳನ್ನು ‘ಟೆಕ್ಸ್ಟ್’ ಎಂದು ಗುರುತಿಸಿ. ಒಂದೇ ಪುಸ್ತಕದ ಐದು ಪ್ರತಿ ಐದು ಸಾಲಿನಲ್ಲಿದ್ದರೆ ಐದು ಬೇರೆ ದಾಖಲೆಗಳಾಗುತ್ತವೆ. ಆಮದಿಗೆ ಮೊದಲೇ ಅವನ್ನು ಒಂದು ದಾಖಲೆಗೆ ತಂದು, ಕೋಹಾ ಆದರೆ ಪ್ರತಿಯೊಂದಕ್ಕೂ ಒಂದರಂತೆ ಐದು 952 ಕ್ಷೇತ್ರ ಕೊಡಬೇಕು (ದಾಖಲೆಯಲ್ಲಿ ಒಂದೊಂದು ವಿವರದ ಜಾಗಕ್ಕೂ ಹೀಗೆ ಅಂಕಿಯ ಹೆಸರಿರುತ್ತದೆ, 952 ಪ್ರತಿಯ ವಿವರದ್ದು). ಐಎಸ್‌ಬಿಎನ್ ನೋಡಿ ತಾನೇ ಕೂಡಿಸುತ್ತದೆ ಎಂದು ನಂಬಬೇಡಿ, ಹಳೆಯ ಕನ್ನಡ ಪುಸ್ತಕಗಳಿಗೆ ಆ ಸಂಖ್ಯೆಯೇ ಇರುವುದಿಲ್ಲ. ಮೊದಲು 50 ದಾಖಲೆ ಮಾತ್ರ ಹಾಕಿ ನೋಡಿ. ಸ್ಟೇಜ್ ಮಾಡಿ, ಅಂದರೆ ಮೊದಲು ತಾತ್ಕಾಲಿಕವಾಗಿ ಇಟ್ಟು ನೋಡಿ, ಆಮದು ಮಾಡಿದ್ದನ್ನು ಕೋಹಾದಲ್ಲಿ ಹಿಂತೆಗೆಯಲೂ ಬರುತ್ತದೆ.

ನಮ್ಮ ಜಿಲ್ಲೆಗೇ ಅಂಟಿದ ತೊಡಕು ಹೆಸರುಗಳದ್ದು. ಕತೆಗಾರ್ತಿ ಕೊಡಗಿನ ಗೌರಮ್ಮ ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲೂ ಬರೆದವರು. ಕೊಡವ ಭಾಷೆಯ ಹರದಾಸ ಅಪ್ಪಚ್ಚ ಕವಿಯನ್ನು ಒಬ್ಬರು ಒಕ್ಕದ (ಮನೆತನದ) ಹೆಸರು ಅಪ್ಪನೆರವಂಡದ ಕೆಳಗೆ ಹಾಕಿದರೆ ಇನ್ನೊಬ್ಬರು ‘ಹ’ದಲ್ಲಿ ಹಾಕುತ್ತಾರೆ. ಒಬ್ಬರ ಹೆಸರಿನ ರೂಪಗಳನ್ನೆಲ್ಲ ಒಂದೆಡೆ ಕಟ್ಟಿಡುವ ಅಥಾರಿಟಿ ದಾಖಲೆಯಲ್ಲಿ ಒಪ್ಪಿಕೊಂಡ ಒಂದು ರೂಪ 100ರಲ್ಲಿ, ಉಳಿದವು 400ರಲ್ಲಿ ಇರಲಿ. ಕೊಡವ ಭಾಷೆಯ ಪುಸ್ತಕಗಳಿಗೆ ಕನ್ನಡದ ಸಂಕೇತ ಹಾಕಿ ಕೈತೊಳೆದುಕೊಳ್ಳುವುದು ಇಲ್ಲಿ ಸಾಮಾನ್ಯ. ಭಾಷಾ ಸಂಕೇತಗಳ ಅಂತರರಾಷ್ಟ್ರೀಯ ಪಟ್ಟಿ ಐಎಸ್‌ಒ 639-3ರಲ್ಲಿ ಕೊಡವಕ್ಕೆ ‘ಕೆಎಫ್ಎ’ ಎಂಬ ಸ್ವಂತ ಸಂಕೇತವಿದೆ, ಅದನ್ನು ಭಾಷೆಯ ಕ್ಷೇತ್ರವಾದ 041ರಲ್ಲಿ ಕೊಡಬಹುದು.

ಆ ಗ್ರಂಥಾಲಯಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ಒಪ್ಪಂದ ಬಿಡಲು ಹೊರಟಾಗ. ಡೇಟಾಬೇಸಿನ ಪಾಸ್‌ವರ್ಡ್ ಮಾರಿದವರ ಕೈಯಲ್ಲಿ, ಜಾಲತಾಣದ ಡೊಮೇನ್ ಕೂಡ ಅವರದೇ ಹೆಸರಿನಲ್ಲಿ. ‘ಬ್ಯಾಕಪ್’ ಎಂದು ಕೊಟ್ಟಿದ್ದು ಒಂದು ಪಿಡಿಎಫ್ ವರದಿ! ಎನ್‌ಐಸಿಯ ಇ-ಗ್ರಂಥಾಲಯವಿರಲಿ, ಇನ್‌ಫ್ಲಿಬ್‌ನೆಟ್‌ನ ಸೋಲ್ ಇರಲಿ, ಕೋಹಾವೇ ಇರಲಿ, ಖಾಸಗಿಯವರದೇ ಇರಲಿ, ಕೊಳ್ಳುವ ಮೊದಲು ಗ್ರಂಥಾಲಯಗಳು ದಾಖಲೆ ವಿನಿಮಯಕ್ಕೆ ಬಳಸುವ ಮಾರ್ಕ್ 21 ಮಾದರಿಯ ದಾಖಲೆಗಳ ಐಎಸ್‌ಒ 2709 ಕಡತವನ್ನು ಕೇಳಿ ಪಡೆಯಿರಿ. ಉಚಿತವಾಗಿ ಸಿಗುವ ಮಾರ್ಕ್‌ಎಡಿಟ್‌ನಲ್ಲಿ ತೆರೆಯಿರಿ. ಶೀರ್ಷಿಕೆಯ ಕ್ಷೇತ್ರ 245ರಲ್ಲಿ ಕನ್ನಡ ಓದಲು ಬರುತ್ತದೆಯೇ? ದಾಖಲೆಯ ತಲೆಸಾಲಾದ ಲೀಡರಿನ 9ನೇ ಸ್ಥಾನದಲ್ಲಿ (ಸೊನ್ನೆಯಿಂದ ಎಣಿಸಿ) ಇಂಗ್ಲಿಷಿನ ಸಣ್ಣ ‘ಎ’ ಇದೆಯೇ? ಆ ಜಾಗ ಖಾಲಿಯಿದ್ದರೆ ಮುಂದಿನ ಸಾಫ್ಟ್‌ವೇರ್ ಅದನ್ನು ಯೂನಿಕೋಡ್ ಎಂದು ಓದದೆ ಕನ್ನಡವನ್ನು ಕೆಡಿಸೀತು. ಪ್ರತಿಗಳ ಆಕ್ಸೆಷನ್ ನಂಬರ್ ಜೊತೆಗೆ ಬಂದಿದೆಯೇ ಎಂಬುದನ್ನೂ ನೋಡಿ, ಬಹಳಷ್ಟು ಸಲ ಶೀರ್ಷಿಕೆ ಮಾತ್ರ ಬಂದಿರುತ್ತದೆ. ಸದಸ್ಯರ ವಿವರ, ಕೊಟ್ಟು-ತೆಗೆದುಕೊಂಡ ಲೆಕ್ಕ ಮಾರ್ಕ್‌ನಲ್ಲಿ ಬರುವುದಿಲ್ಲ. ಅದಕ್ಕೆ ಪೂರ್ತಿ ಎಸ್‌ಕ್ಯೂಎಲ್ ಡಂಪ್ (ಡೇಟಾಬೇಸಿನ ಇಡೀ ನಕಲು) ಬೇಕೆಂದು ಕರಾರಿನಲ್ಲೇ ಬರೆಸಿ.

ಮಳೆಗಾಲದ್ದು ಬೇರೆಯೇ ಕಥೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಕಾಗದದ ಬಾರ್‌ಕೋಡ್ ಎದ್ದುಬರುತ್ತದೆ, ರಿಬ್ಬನ್ ಇಲ್ಲದೆ ಬಿಸಿಯಿಂದಷ್ಟೇ ಮುದ್ರಿಸಿದ ಲೇಬಲ್ ಮಾಸುತ್ತದೆ. ಪಾಲಿಯೆಸ್ಟರ್ ಲೇಬಲ್, ರೆಸಿನ್ ರಿಬ್ಬನ್ ಬಳಸಿ. ಅದೇ ಸಂಖ್ಯೆಯನ್ನು ಒಳಪುಟದಲ್ಲೂ ಬರೆದಿಡಿ. ಕರೆಂಟು ಪದೇಪದೇ ಹೋಗುವ ಊರಲ್ಲಿ ಯುಪಿಎಸ್ ಇಲ್ಲದ ಸರ್ವರ್ ಇಟ್ಟರೆ ಡೇಟಾಬೇಸ್ ಕೆಡುವ ಭಯ ಇದ್ದೇ ಇದೆ. ಕೋಹಾದ ದಿನದ ಬ್ಯಾಕಪ್ ಅದೇ ಸರ್ವರಿನಲ್ಲಿ ಉಳಿಯುತ್ತದೆ, ಹಳೆಯವು ತಾವಾಗಿಯೇ ಅಳಿಯುತ್ತವೆ. ವಾರಕ್ಕೊಂದನ್ನಾದರೂ ಜಿಲ್ಲೆಯ ಹೊರಗೆ ಕಳಿಸಿ, ಆಗಾಗ ಬೇರೆ ಯಂತ್ರದಲ್ಲಿ ತೆರೆದು ಪರೀಕ್ಷಿಸಿ.

‘ಡಿಜಿಟಲ್ ಲೈಬ್ರರಿ’ ಎಂದು ಸಾವಿರಾರು ಪಿಡಿಎಫ್ ತುಂಬಿದ ಹಾರ್ಡ್‌ಡಿಸ್ಕ್ ಕೊಡಲು ಬಂದರೆ ತೆಗೆದುಕೊಳ್ಳಬೇಡಿ. ನಮ್ಮಲ್ಲಿ ಕೃತಿಸ್ವಾಮ್ಯ ಸಾಮಾನ್ಯವಾಗಿ ಲೇಖಕರು ತೀರಿಕೊಂಡ ಮೇಲೆ 60 ವರ್ಷದವರೆಗೆ ಇರುತ್ತದೆ. ಅನುಮತಿಯಿಲ್ಲದೆ ಅವನ್ನು ಜಾಲತಾಣಕ್ಕೆ ಏರಿಸಿದರೆ ನೋಟಿಸ್ ಬರುವುದು ಗ್ರಂಥಾಲಯದ ವಿಳಾಸಕ್ಕೆ.